ಅಫ್ಜಲುನ್ನೀಸಾ ಹಿಡಿದ ಹೊತ್ತು

ಇನ್ನು ನಾಲ್ಕು ನಿಮಿಷವಿತ್ತು. ಅಂಗೈಯೊಳಗಿನ ಕೈಗಡಿಯಾರ ಬೆವರಿಗೆ ಜಾರುತ್ತಿತ್ತು. ಅಫ್ಜಲುನ್ನೀಸಾ ಬಾಗಿಲ ಚೌಕಟ್ಟಿಗೆ ಬೆನ್ನು ಕೊಟ್ಟು, ಮೊಣಕಾಲು ಮಡಿಚಿ ಕೂತು, ಅಣ್ಣನ ಕತ್ತಿನ ಹಿಂಭಾಗವನ್ನೇ ನೋಡುತ್ತಿದ್ದಳು. ನಿಯಾಜ್ ಅಹಮದ್ ಗೋಡೆಗೆ ಮುಖ ಮಾಡಿ, ತಗಡಿನ ಪೆಟ್ಟಿಗೆಯ ಮೇಲೆ ಕಾಗದ ಹರಡಿಕೊಂಡು ಲೆಕ್ಕ ಮಾಡುತ್ತಿದ್ದ. ಈಗ ತಾನೇ ಇಪ್ಪತ್ತೊಂಬತ್ತನೆಯ ಪ್ರಶ್ನೆಗೆ ಹಾಳೆ ತಿರುವಿದ್ದ. ಒಟ್ಟು ನಲವತ್ತೈದು. ನಾಲ್ಕು ನಿಮಿಷದಲ್ಲಿ ಹದಿನೇಳು ಲೆಕ್ಕ ಯಾರಿಂದಲೂ ಆಗುವ ಮಾತಲ್ಲ. ಅವನಿಗೆ ಅದು ಗೊತ್ತಿರಲಿಲ್ಲ, ಅವಳಿಗೆ ಗೊತ್ತಿತ್ತು. ಈ ಒಂದು ತಿಂಗಳಿಂದ ಅವನ ಗಂಟೆಗೆ ಅರವತ್ತು ನಿಮಿಷವಿರಲಿಲ್ಲ; ಎಪ್ಪತ್ತೆರಡೋ ಎಪ್ಪತ್ತೆಂಟೋ, ಅವಳು ಕೊಟ್ಟಷ್ಟು ಇರುತ್ತಿತ್ತು. ಇವತ್ತು ಮಾತ್ರ ಅರವತ್ತಕ್ಕೆ ಸರಿಯಾಗಿ ‘ಆಯ್ತು’ ಅನ್ನಬೇಕೆಂದು ಬೆಳಿಗ್ಗೆಯೇ ಗಟ್ಟಿ ಮಾಡಿಕೊಂಡಿದ್ದಳು. ಎರಡಕ್ಷರದ ಮಾತು. ಬಾಯಲ್ಲಿ ನೀರಿಲ್ಲದೆ ಅದು ಅಂಗುಳಕ್ಕೆ ಅಂಟಿಕೊಂಡ ಹಾಗಿತ್ತು.

ನಾಳೆ ಬೆಳಿಗ್ಗೆ ಆರರ ಬಸ್ಸಿಗೆ ಅವನು ಬೆಂಗಳೂರಿಗೆ ಹೋಗಬೇಕು. ನಾಡಿದ್ದು ಭಾನುವಾರ ಪರೀಕ್ಷೆ. ಉತ್ತರದ ಕಡೆ ಹೊಸದಾಗಿ ತೆಗೆದ ದೊಡ್ಡ ಕಾಲೇಜೊಂದರಲ್ಲಿ ಹಣಕಾಸಿನ ವ್ಯವಹಾರದ್ದೇ ಎರಡು ವರ್ಷದ ಮೇಲಿನ ಓದು. ಸೇರಬೇಕಾದರೆ ಮೊದಲು ಲೆಕ್ಕದ ಪರೀಕ್ಷೆಯಲ್ಲಿ ಗೆಲ್ಲಬೇಕು. ಕಾಗದದ ಮೇಲೆ ಬರೆದು ವಿವರಿಸುವ ಹಾಗಿಲ್ಲ. ಒಂದೊಂದು ಪ್ರಶ್ನೆಗೂ ಐದೈದು ಉತ್ತರ ಅವರೇ ಕೊಟ್ಟಿರುತ್ತಾರೆ, ಒಂದಕ್ಕೆ ಗುರುತು ಹಾಕಬೇಕು, ಗಂಟೆಯೊಳಗೆ ಮುಗಿಸಬೇಕು. ಹೋದ ವರ್ಷ ಬರೆದು ಬಂದವನು ಮೂರು ದಿನ ಯಾರ ಜೊತೆಯೂ ಮಾತಾಡಿರಲಿಲ್ಲ. ಅಬ್ಬಾ ಬೀದಿಯವರಿಗೆಲ್ಲ ‘ಪೇಪರ್ ಬಾಳ ಕಷ್ಟ ಇತ್ತಂತೆ’ ಎಂದು ತಾವೇ ಹೇಳಿಕೊಂಡು ಬಂದರು. ನಾಲ್ಕನೆಯ ದಿನ ಅವನು ಬಾವಿಯ ಹತ್ತಿರ ಮುಖ ತೊಳೆಯುತ್ತ, ಅವಳು ನೀರು ಹುಯ್ಯುತ್ತಿದ್ದಾಗ, ಮುಖ ಎತ್ತದೆ ಹೇಳಿದ: “ಕಷ್ಟ ಇರ್ಲಿಲ್ಲ ಅಫ್ಜು. ಗೋಡೆ ಮೇಲೆ ಗಡಿಯಾರ ಇತ್ತು. ಅದನ್ನ ನೋಡಿದ್ರೆ ನನ್ ಕೈ ನಿಂತೋಗೋದು.” ಅದಕ್ಕೇ ಈ ಸಲ ಮನೆಯಲ್ಲಿ ಮಾದರಿ ಪೇಪರು ಮಾಡುವಾಗ ಗಡಿಯಾರ ಅವಳ ಕೈಗೆ ಬಂದದ್ದು. ನೀನು ಹಿಂದೆ ಕೂತ್ಕೊ, ಶುರು ಅಂದಾಗ ನೋಡ್ಕೊ, ಗಂಟೆ ಆದ್ಮೇಲೆ ಆಯ್ತು ಅನ್ನು, ನಡುವೆ ಉಸಿರು ಬುಡಬೇಡ ಅಂದಿದ್ದ. ಉಸಿರು ಬಿಡದೆ ಕೂರುವುದು ಅವಳಿಗೆ ಯಾರೂ ಕಲಿಸಬೇಕಾದ ವಿದ್ಯೆಯಲ್ಲ.

ಮೊದಲನೆಯ ದಿನ ಗಂಟೆ ತುಂಬಿದಾಗ ಅವನು ಮೂವತ್ತರ ಹತ್ತಿರವಿದ್ದ. ಕಿವಿಯ ಹಿಂದೆ ನರ ಉಬ್ಬಿತ್ತು. ಅಂಗಿಯ ಕಾಲರು ಒದ್ದೆಯಾಗಿ ಕತ್ತಿಗೆ ಅಂಟಿತ್ತು. ಈಗ ಹೇಳಿದರೆ ಈ ಕತ್ತು ಹೇಗೆ ಬಾಗುತ್ತದೆ ಎಂದು ಅವಳಿಗೆ ಹೇಳುವ ಮೊದಲೇ ಕಾಣಿಸಿತು. ಬಾವಿಯ ಹತ್ತಿರ ಬಾಗಿದ್ದ ಹಾಗೆಯೇ. ಇನ್ನೊಂದು ಮುಗಿಸಲಿ ಅಂದುಕೊಂಡಳು. ಆಮೇಲೆ ಇನ್ನೊಂದು. ಹನ್ನೆರಡು ನಿಮಿಷ ಕಳೆದ ಮೇಲೆ ‘ಆಯ್ತು’ ಅಂದಾಗ ಅವನು ಮೂವತ್ತೆಂಟಕ್ಕೆ ಮುಟ್ಟಿದ್ದ. ತಿರುಗಿ ನೋಡಿ ನಕ್ಕ. ಒಂದು ವರ್ಷದಿಂದ ಆ ಮನೆಯಲ್ಲಿ ಯಾರೂ ನೋಡಿರದ ನಗು. ಅದರ ಮುಂದೆ ಹನ್ನೆರಡು ನಿಮಿಷ ಯಾವ ಲೆಕ್ಕ? ಎರಡನೆಯ ಪೇಪರಿನಲ್ಲಿ ನಲವತ್ತು, ಮೂರನೆಯದರಲ್ಲಿ ನಲವತ್ತೊಂದು. ಅಬ್ಬಾ ಒಂದೊಂದು ಅಂಕಿಯನ್ನೂ ಸುಣ್ಣದಲ್ಲಿ ಗೋಡೆಗೆ ಬರೆಸಿದರು. ಈಗ ಅಲ್ಲಿ ಹದಿನೈದು ಅಂಕಿಗಳಿದ್ದವು, ಒಂದರ ಕೆಳಗೊಂದು, ದೊಡ್ಡದಾಗುತ್ತ. ಅವಳು ಆ ಗೋಡೆಯ ಕಡೆ ನೋಡುವುದನ್ನೇ ಬಿಟ್ಟಿದ್ದಳು.

ಬೆಳಿಗ್ಗೆ ಕಡಲೇಕಾಯಿ ಮಿಲ್ಲಿನ ಮಹಾಲಿಂಗಯ್ಯನವರು ಎಣ್ಣೆ ಸುರಿಯುವ ಆಲಿಕೆಗೆ ಬೆಸುಗೆ ಹಾಕಿಸಲು ಬಂದಿದ್ದರು. ಅಬ್ಬಾ ಕರೀಮ್ ಸಾಬ್ ತಗಡಿನ ಕೆಲಸದವರು, ಮನೆಯ ಮುಂದಿನ ಚಪ್ಪರವೇ ಅಂಗಡಿ. ಬೆಸುಗೆಗೆ ಹಚ್ಚಿದ ನವಸಾಗರದ ಹೊಗೆ ಮೂಗಿಗೆ ಬಡಿದು ಮಹಾಲಿಂಗಯ್ಯ ಎರಡು ಸಲ ಸೀನಿದರು.

“ಏನ್ ಸಾಬ್ರೇ, ನಿಮ್ ಮಗ ಏನಂತಾನೆ? ರೈಟರ್ ಕೆಲ್ಸ ಖಾಲಿ ಇಟ್ಕಂಡು ಎಷ್ಟ್ ದಿನ ಕಾಯ್ಲಿ? ಶಿರಾದಾಗೆ ಅಂಕಿ ಬರೆಯೋರಿಗೆ ಬರ ಬಂದದೆ ಅನ್ಕಂಡ್ರಾ?”

“ಬೇರೆಯೋರಿಗೆ ಕೊಟ್ಬುಡಿ ಸ್ವಾಮಿ.”

“ಆಂ?”

“ಕೊಟ್ಬುಡಿ. ನನ್ ಮಗ ನಲವತ್ತೈದಕ್ಕೆ ನಲವತ್ನಾಲ್ಕು ತಗೀತವ್ನೆ. ಒಳಗೆ ಬನ್ನಿ, ಗೋಡೆ ಮೇಲೆ ಬರ್ದದೆ, ನೋಡೀರಂತೆ.”

“ಮನೇಲಿ ಎಲ್ಲಾರೂ ಹುಲೀನೇ ಕಣ್ರೀ ಸಾಬ್ರೇ,” ಎಂದು ಮಹಾಲಿಂಗಯ್ಯ ನಕ್ಕರು. “ಕಾಡಿಗೋದಾಗ ತಾನೆ ಗೊತ್ತಾಗದು. ಇನ್ನೊಂದ್ ವಾರ ಇಟ್ಕಂಡಿರ್ತೀನಿ, ಬ್ಯಾಡವಾ?”

“ಬ್ಯಾಡ. ನೀವು ಕಾದು ನಮ್ಗೆ ಭಾರ ಆಗೋದು ಬ್ಯಾಡ.”

ಬಾಗಿಲ ಪರದೆಯ ಹಿಂದೆ ಅವಳು ಕಸಬರಿಗೆ ಹಿಡಿದು ನಿಂತಿದ್ದಳು. ಅಬ್ಬಾನ ದನಿ ಅಷ್ಟು ಎತ್ತರಕ್ಕೆ ಏರಿದ್ದನ್ನು ಅವಳು ಈಚೆಗೆ ಕೇಳಿರಲಿಲ್ಲ. ಸೇರಿನ ಅಳತೆ ಹೋಗಿ ಲೀಟರು ಬಂದ ಮೇಲೆ ಅದು ತಗ್ಗಿಹೋಗಿತ್ತು. ಅದಕ್ಕೂ ಮೊದಲು ಮಧುಗಿರಿ, ಕೊರಟಗೆರೆ, ಪಾವಗಡದ ಸಂತೆಗಳಿಗೆಲ್ಲ ಪಾವು, ಅಚ್ಚೇರು, ಸೇರು ಹೋಗುತ್ತಿದ್ದದ್ದು ಈ ಚಪ್ಪರದಿಂದಲೇ. ಈಗ ಸರ್ಕಾರದ ಮುದ್ರೆ ಹೊತ್ತ ಅಳತೆಗಳು ಕಾರ್ಖಾನೆಯಿಂದ ಬರುತ್ತವೆ, ಅಬ್ಬಾ ಆಲಿಕೆಗೆ ತೇಪೆ ಹಾಕುತ್ತಾರೆ. ಮಹಾಲಿಂಗಯ್ಯನ ಮುಂದೆ ಅವರು ಬೆನ್ನು ನೆಟ್ಟಗೆ ಮಾಡಿ ನಿಂತದ್ದು ಗೋಡೆಯ ಮೇಲಿನ ಆ ಅಂಕಿಗಳ ಬಲದಿಂದ. ಆ ಅಂಕಿಗಳು ಬಂದದ್ದು ಅವಳ ಅಂಗೈಯಿಂದ. ಮಹಾಲಿಂಗಯ್ಯ ಆಲಿಕೆ ಎತ್ತಿಕೊಂಡು ಹೊರಟುಹೋದರು. ಕರೆಯಬೇಕಿತ್ತು. ಯಾರು ಕರೆಯುವುದು, ಏನೆಂದು ಕರೆಯುವುದು? ಪರದೆಯ ಹಿಂದಿನ ಹುಡುಗಿ ಮಿಲ್ಲಿನ ಯಜಮಾನರನ್ನು ಕೂಗಿ, ನಿಲ್ಲಿ ಸ್ವಾಮಿ, ಆ ನಲವತ್ನಾಲ್ಕು ಸುಳ್ಳು ಅನ್ನುವುದೇ? ಅವಳು ಗುಡಿಸಿದ ಜಾಗವನ್ನೇ ಮತ್ತೆ ಗುಡಿಸಿದಳು.

ಮೂರು ನಿಮಿಷ. ನಿಯಾಜ್ ಗೊಣಗುತ್ತಿದ್ದ. ಪ್ರಶ್ನೆಗಳೆಲ್ಲ ಇಂಗ್ಲಿಷಿನಲ್ಲಿ, ಆದರೆ ಮನೆಯ ಮಾತಿನಲ್ಲಿ ಒಂದು ಸಲ ತನಗೆ ತಾನೇ ಹೇಳಿಕೊಳ್ಳದೆ ಅವನಿಗೆ ಲೆಕ್ಕ ತಲೆಗೆ ಹತ್ತುತ್ತಿರಲಿಲ್ಲ. ಬಿ.ಕಾಂ. ಮಾಡಿದರೂ ಅದು ಹೋಗಿರಲಿಲ್ಲ. ಐದನೆಯ ಕ್ಲಾಸಿಗೆ ಶಾಲೆ ಬಿಟ್ಟ ಅವಳಿಗೆ ಆ ಗೊಣಗೇ ಪುಸ್ತಕ. ಮೂರನೆಯ ಪೇಪರಿನಲ್ಲಿ ಒಂದು ಲೆಕ್ಕ ಬಂದಿತ್ತು: ಪಾತ್ರೆ ತುಂಬ ಹಾಲು, ಕಾಲು ಭಾಗ ತೆಗೆದು ಅಷ್ಟೇ ನೀರು ಹುಯ್ಯುತ್ತಾರೆ, ಹಾಗೆ ಮೂರು ಸಲ, ಉಳಿದ ಹಾಲೆಷ್ಟು? ಅವನು ಎಕ್ಸು ವೈ ಬರೆದುಕೊಂಡು ಕೂತ. ಅವಳ ಕಣ್ಣ ಮುಂದೆ ಅಬ್ಬಾ ಮಾಡಿದ ಸೇರು ಬಂದು ನಿಂತಿತು. ಸೇರಿಗೆ ಹದಿನಾರು ಚಟಾಕು. ಸೋರುತ್ತದೆಯೋ ಎಂದು ನೋಡಲು ಚಿಕ್ಕಂದಿನಿಂದ ಸಾವಿರ ಸಲ ನೀರು ಹುಯ್ದು ಅಳೆದಿದ್ದಳು. ನಾಲ್ಕು ಹೋದರೆ ಹನ್ನೆರಡು, ಮೂರು ಹೋದರೆ ಒಂಬತ್ತು, ಎರಡೂಕಾಲು ಹೋದರೆ ಆರೂಮುಕ್ಕಾಲು. ಅವನ ಪೆನ್ಸಿಲು ಇನ್ನೂ ಮೊದಲನೆಯ ಗೆರೆಯಲ್ಲೇ ಇತ್ತು. ಎರಡು ದಿನ ಬಿಟ್ಟು ಇನ್ನೊಂದು: ಯಂತ್ರದ ಬೆಲೆ ವರ್ಷಕ್ಕೆ ಕಾಲು ಭಾಗ ಇಳಿಯುತ್ತದೆ, ಮೂರು ವರ್ಷಕ್ಕೆ ಎಷ್ಟು ಉಳಿಯಿತು? ಅರೆ, ಅದೇ ಸೇರು, ಬೇರೆ ಬಟ್ಟೆ ತೊಟ್ಟು ಬಂದಿದೆ! ಅವಳಿಗೆ ನಗು ಬಂದು ದುಪಟ್ಟಾ ಬಾಯಿಗೆ ಒತ್ತಿಕೊಂಡಳು. ಎದೆಯೊಳಗೆ ಏನೋ ಕುಣಿಯುತ್ತಿತ್ತು. ಅದನ್ನು ಯಾರಿಗೆ ತೋರಿಸುವುದು? ಅಣ್ಣನ ಬೆನ್ನು ಬೆವರುತ್ತಿತ್ತು.

ತೋರಿಸಬಾರದೆಂಬುದನ್ನು ಅವಳು ಮಧುಗಿರಿಯಲ್ಲಿ ಕಲಿತಿದ್ದಳು. ಅಮ್ಮಿಯ ತಂಗಿ ಅಲ್ಲಿದ್ದಳು, ಖಾಲಾ. ಎರಡು ವರ್ಷದ ಹಿಂದೆ ಅವರ ಮನೆಗೆ ಇವಳನ್ನು ನೋಡಲು ಪುರವರದ ಕಡೆಯ ಗಂಡಿನವರು ಬಂದಿದ್ದರು. ಗಂಡಸರು ಯಾವುದೋ ಊಟದ ಮಾತು ತೆಗೆದು, ಅರವತ್ತು ಜನಕ್ಕೆ ಒಂಬತ್ತು ಸೇರು ಅಕ್ಕಿ ಹಿಡಿದರೆ ನೂರ ನಲವತ್ತು ಜನಕ್ಕೆ ಎಷ್ಟೆಂದು ಬೆರಳು ಮಡಿಚುತ್ತ ಕೂತರು. ಒಬ್ಬರು ಹದಿನೆಂಟು ಅಂದರು, ಒಬ್ಬರು ಇಪ್ಪತ್ತೈದಾದರೂ ಬೇಕು ಅಂದರು. ಚಹಾ ತಂದಿಟ್ಟ ಅವಳ ಬಾಯಿಂದ ‘ಇಪ್ಪತ್ತೊಂದು’ ಎಂದು ಬಿದ್ದುಹೋಯಿತು. ಹುಡುಗನ ತಂದೆ ಬಟ್ಟಲು ಕೆಳಗಿಟ್ಟು, “ಮಾಶಾಲ್ಲಾ, ಲೆಕ್ಕ ಬರೆಯಾಕೆ ಮುನ್ಸಿ ಇಟ್ಕಳೋ ಖರ್ಚು ಇಲ್ಲ ಬುಡಿ,” ಎಂದರು. ಎಲ್ಲರೂ ನಕ್ಕರು. ಅಡಿಗೆಮನೆಯಲ್ಲಿ ಖಾಲಾ ತೋಳು ಹಿಡಿದು ಉಗುರು ಊರಿದಳು: “ಗಂಡಸ್ರು ಎಣಿಸ್ತಾ ಇರೋವಾಗ ನಿನ್ ಬಾಯಿ ಎಲ್ಲಿತ್ತೇ? ಬಾಯಾಗೆ ಅಡ್ಕೆ ಇಕ್ಕೊಂಡಿದ್ರೆ ಆಗ್ತಿರ್ಲಿಲ್ವಾ?” ಆ ಸಂಬಂಧ ಮುಂದೆ ಬರಲಿಲ್ಲ. ಅಲ್ಲಿಂದ ಈಚೆಗೆ ಉತ್ತರ ಬಂದಾಗಲೆಲ್ಲ ಅವಳು ನಾಲಿಗೆಯ ಕೆಳಗೆ ಒತ್ತಿ ಇಟ್ಟುಕೊಳ್ಳುತ್ತಿದ್ದಳು. ಅಣ್ಣ ತಪ್ಪು ಉತ್ತರಕ್ಕೆ ಗುರುತು ಹಾಕುವುದನ್ನು ನೋಡಿಕೊಂಡು ಹಾಗೇ ಒತ್ತಿ ಹಿಡಿದು ಕೂತದ್ದೂ ಇತ್ತು.

ಒಂದು ದಿನ ಪೇಪರು ಮುಗಿದ ಕೂಡಲೇ ನಿಯಾಜ್ ಎದ್ದು ಕೈ ಚಾಚಿದ್ದ. “ಗಡಿಯಾರ ಕೊಡು. ಪೋಸ್ಟಾಫೀಸಿಗೆ ಹೋಗ್ಬರ್ತೀನಿ.” ದಿನವೂ ಅದು ರಾತ್ರಿಯವರೆಗೆ ಅವಳ ಹತ್ತಿರವೇ ಇರುತ್ತಿತ್ತು. ದುಪಟ್ಟಾದ ಕೆಳಗೆ ಅವಳ ಬೆರಳು ತಾನಾಗಿ ಕೀಲಿಯನ್ನು ಎಳೆದು, ಗಂಟೆಯ ಲೆಕ್ಕ ಕೂಡುವ ಹಾಗೆ, ಮುಳ್ಳನ್ನು ಹದಿನೈದು ನಿಮಿಷ ಹಿಂದಕ್ಕೆ ತಿರುಗಿಸಿತು. ಅಷ್ಟು ಸಲೀಸಾಗಿ ತಿರುಗುತ್ತದೆಂದು ಅವಳಿಗೂ ಗೊತ್ತಿರಲಿಲ್ಲ. ಅವನು ಅರ್ಧ ಗಂಟೆಗೆ ಕೆಂಪು ಮುಖ ಹೊತ್ತು ಬಂದ. ಬಾಗಿಲು ಹಾಕಿತ್ತು, ಇನ್ನೂ ಹೊತ್ತಿದೆ ಎಂದು ಇವನು ಜಗಳಕ್ಕೆ ನಿಂತ, ಒಳಗಿನವರು ಹತ್ತು ಜನರ ಮುಂದೆ ಗೋಡೆಯ ಗಡಿಯಾರ ತೋರಿಸಿ, ಓದಿದವನಿಗೆ ಗಂಟೆ ನೋಡೋಕೆ ಬರಲ್ವಾ ಅಂದರಂತೆ. “ಯಾಕೋ ಈ ಗಡಿಯಾರ ಹಿಂದ್ ಬೀಳ್ತದೆ ಅಫ್ಜು,” ಎಂದು ಅದನ್ನು ಕಿವಿಗೆ ಹಿಡಿದು ಕೇಳಿದ. ಅವಳು ಒಲೆ ಊದಿದಳು, ಹೊಗೆಗೆ ಕಣ್ಣಲ್ಲಿ ನೀರು ಬರುವವರೆಗೂ.

ಮುಳ್ಳು ಗಂಟೆಯ ಗೆರೆಗೆ ಬಂತು. ದಾಟಲು ನೋಡಿತು.

“ಆಯ್ತು,” ಅಂದಳು.

ನಿಯಾಜ್ ತಿರುಗಲಿಲ್ಲ. ತಲೆಯನ್ನು ಮಾತ್ರ ಸ್ವಲ್ಪ ಎತ್ತಿದ. “ಏನಾಯ್ತು?”

“ಗಂಟೆ.”

“ಥೂ, ಸುಮ್ಕಿರು. ಇನ್ನೂ ಮೂವತ್ತೊಂದ್ರಲ್ಲಿದೀನಿ.” ಮತ್ತೆ ಬಗ್ಗಿದ. ಪೆನ್ಸಿಲು ಎರಡು ಅಂಕಿ ಬರೆದು ನಿಂತಿತು. ಆಮೇಲೆ ಅವನು ಮೆಲ್ಲಗೆ ತಿರುಗಿದ. ಅವಳು ಅಂಗೈ ಬಿಚ್ಚಿದಳು. ಶುರು ಅಂದಾಗಿನ ಹೊತ್ತನ್ನು ಇವತ್ತು ತನ್ನ ಕೈಯಿಂದಲೇ ಬಾಗಿಲಿನ ಮೇಲೆ ಸುಣ್ಣದಲ್ಲಿ ಗೀಚಿಟ್ಟಿದ್ದಳು, ಆಮೇಲೆ ತನಗೇ ಧೈರ್ಯ ತಪ್ಪಬಾರದೆಂದು. ಅವನು ಬಾಗಿಲು ನೋಡಿದ, ಗಡಿಯಾರ ನೋಡಿದ, ಅವಳನ್ನು ನೋಡಿದ. ಬಿ.ಕಾಂ. ಓದಿದವನಿಗೆ ಆ ಒಂದು ಲೆಕ್ಕ ಮಾಡಲು ಬಹಳ ಹೊತ್ತು ಹಿಡಿಯಿತು.

“ಯಾವತ್ತಿಂದ?”

“ಮೊದಲ್ನೇ ದಿನದಿಂದ.”

“ಹದಿನೈದು ಪೇಪರೂ?”

ಅವಳು ತಲೆ ಆಡಿಸಿದಳು. ಹೊಡೆಯಲಿ ಅನ್ನಿಸಿತು. ಹೊಡೆದರೆ ಕೂಗಾಡುವುದಕ್ಕಾದರೂ ಒಂದು ಕಾರಣ ಸಿಗುತ್ತಿತ್ತು. ಅವನು ಗೋಡೆಯ ಮೇಲಿನ ಅಂಕಿಗಳ ಕಡೆ ಕಣ್ಣು ಹಾಯಿಸಿ, ಯಾರೋ ಬೇರೆಯವರ ಮನೆಗೆ ಬಂದವನ ಹಾಗೆ ನಿಂತ. ಅಷ್ಟರಲ್ಲಿ ಚಪ್ಪರದ ಕಡೆಯಿಂದ ಅಬ್ಬಾ ಒಳಗೆ ಇಣುಕಿದರು. ಜುಮ್ಮಾ ನಮಾಜಿಗೆ ಹಾಕಿದ್ದ ಬಿಳಿ ಅಂಗಿ ಇನ್ನೂ ಬಿಚ್ಚಿರಲಿಲ್ಲ.

“ಮುಗೀತಾ ಬೇಟಾ? ಇವತ್ತೆಷ್ಟು?”

ನಿಯಾಜ್ ಅವರನ್ನು ನೋಡಿದ. ಒಂದು ಗಳಿಗೆ ಅವಳನ್ನೂ ನೋಡಿದ.

“ನಲವತ್ನಾಲ್ಕು ಅಬ್ಬಾ.”

“ನಿನ್ನೆ ಬಂದಷ್ಟೇ! ಆ ಒಂದ್ ಯಾವ್ದು ಅಂತೀನಿ, ಕೈಗೆ ಸಿಗದೆ ಓಡಾಡ್ತದಲ್ಲ, ಬೆಂಗ್ಳೂರಾಗೆ ಹಿಡ್ಕಾ ಅದನ್ನ.” ನಗುತ್ತ ಹೊರಗೆ ಹೋದರು. ಸುತ್ತಿಗೆಯ ಸದ್ದು ಶುರುವಾಯಿತು, ತಾಳ ಹಾಕಿದ ಹಾಗೆ. ಹಿಂದಿನಿಂದ ಅಮ್ಮಿ ರಹಮತ್ ಬಿ, “ಹಬ್ಬದ ದಿನ ಕೂಡ ಇಷ್ಟ್ ಹುರುಪಿಂದ ಬಡಿಯಲ್ಲ ಈ ಮನ್ಸ,” ಎಂದು ಒರಳ ಹತ್ತಿರದಿಂದ ಗೊಣಗಿದ್ದು ಕೇಳಿಸಿತು.

ನಿಯಾಜ್ ಬಂದು ಅವಳ ಎದುರು ಕುಕ್ಕರುಗಾಲಲ್ಲಿ ಕೂತ. ಮುಖದಲ್ಲಿ ಕೋಪವಿರಲಿಲ್ಲ. ಅದಕ್ಕೇ ಅವಳಿಗೆ ಹೆದರಿಕೆಯಾಯಿತು. “ಗೊತ್ತಾಯ್ತು ಬುಡು,” ಅಂದ, ದನಿ ತಗ್ಗಿಸಿ. “ನನ್ ಮುಖ ನೋಡಾಕಾಗದೆ ಮಾಡಿದ್ದೀಯ. ಹೋದ್ವರ್ಷ ನೋಡ್ದೋಳು ನೀನೊಬ್ಳೇ. ನಾನಾಗಿದ್ರೂ ಅಂಗೇ ಮಾಡ್ತಿದ್ನೇನೋ. ಅಳಬೇಡ.” ಅವಳ ತಲೆಯ ಮೇಲೆ ಕೈಯಿಟ್ಟ. “ನನ್ ತಂಗಿ ಕರುಳು ಬಾಳ ಮೆತ್ತಗೆ.”

ಅವಳು ಅಳುತ್ತಿರಲಿಲ್ಲ. ಆ ಕೈ ಭಾರವಾಗಿತ್ತು, ಬೆಚ್ಚಗಿತ್ತು, ಪೆನ್ಸಿಲಿನ ವಾಸನೆಯಿತ್ತು. ಸುಮ್ಮನೆ ಕೂತರೆ ಆಯಿತು, ಎಲ್ಲ ಮುಗಿಯುತ್ತದೆ. ಮೆತ್ತಗಿನ ಕರುಳಿನ ಹುಡುಗಿಯಾಗಿ ಈ ಮನೆಯಲ್ಲಿ, ಮುಂದೆ ಇನ್ನೊಂದು ಮನೆಯಲ್ಲಿ, ಹಾಯಾಗಿ ಇದ್ದುಬಿಡಬಹುದು. ಆದರೆ ಅವನಿಗೆ ಗೊತ್ತಿಲ್ಲದ ಇನ್ನೊಂದಿತ್ತು, ಅವಳೇ ಇಷ್ಟು ದಿನ ಸರಿಯಾಗಿ ಕಣ್ಣಿಟ್ಟು ನೋಡಿರದ್ದು. ಮೊದಲ ಮೂವತ್ತು ಲೆಕ್ಕಗಳು ಅವಳಿಗೆ ಸುಲಭದವು, ಬಾಯಿಗೆ ಹಾಕಿದರೆ ಕರಗುವಂಥವು. ರುಚಿಯಿದ್ದದ್ದು ಕೊನೆಯ ಹದಿನೈದರಲ್ಲಿ. ‘ಆಯ್ತು’ ಅಂದ ಮೇಲೆ ಅವನು ಮಾಡದೆ ಉಳಿದವನ್ನು ಓದುತ್ತಲೇ ಇರಲಿಲ್ಲ. ಹಿಂದಿನ ಹಾಳೆಯ ಉತ್ತರ ನೋಡಿ, ಎಣಿಸಿ, ಕಾಗದ ಮಡಿಚಿ ಎಸೆದುಬಿಡುತ್ತಿದ್ದ. ಆ ಹದಿನೈದು ಕಿವಿಗೆ ಬೀಳಬೇಕಾದರೆ ಹೊತ್ತು ಓಡಬಾರದು. ಮೊದಲ ದಿನ ಅವಳು ನೋಡಿದ್ದು ಅವನ ಕತ್ತನ್ನು. ಎರಡನೆಯ ದಿನದಿಂದ ಅವನ ಕತ್ತು ಕಣ್ಣೆದುರಿಗಿದ್ದರೂ ಕಂಡಿರಲಿಲ್ಲ.

“ನಿನಗೋಸ್ಕರ ಅಲ್ಲ ಭಾಯಿ,” ಅಂದಳು.

“ಏನು?”

“ಮೊದಲ್ನೇ ದಿನ ಒಂದೇ ನಿನಗೆ. ಆಮೇಲಿಂದು ನಿನಗಲ್ಲ.”

“ಮತ್ತಾರಿಗೆ?”

“ಏಳನೇ ಪೇಪರಲ್ಲಿ ಒಂದು ದೋಣಿ ಲೆಕ್ಕ ಬಂತು. ಹೊಳೆ ಹರಿಯೋ ಕಡೆ ಹೋದ್ರೆ ಇಷ್ಟು, ಎದುರು ಬಂದ್ರೆ ಇಷ್ಟು ಅಂತ. ನೀನು ಗುರುತು ಹಾಕ್ಬುಟ್ಟೆ. ನನಗೆ ಬರ್ಲಿಲ್ಲ. ನಾನು ಹೊಳೆ ನೋಡಿಲ್ಲ, ನೀರು ನಡೆಯೋದು ಕಣ್ಣಿಗೆ ಬರ್ಲಿಲ್ಲ. ಬರ್ಲಿ, ಬರ್ಲಿ ಅಂತ ಕಾದೆ. ಅವತ್ತು ಹದಿನೆಂಟು ನಿಮಿಷ.”

ತಲೆಯ ಮೇಲಿನ ಕೈ ಹೋಯಿತು. ಅವನು ಎದ್ದು ಎರಡು ಹೆಜ್ಜೆ ಹಿಂದಕ್ಕೆ ಸರಿದ. ಈಗ ಅವನ ಮುಖದಲ್ಲಿ ಕೋಪವಿತ್ತು, ಅದರ ಜೊತೆ ಅವಳಿಗೆ ಹೆಸರು ಗೊತ್ತಿಲ್ಲದ ಇನ್ನೇನೋ ಇತ್ತು. ಪೋಸ್ಟಾಫೀಸಿನಿಂದ ಬಂದ ದಿನ ಇದ್ದಂಥದ್ದು.

“ಓಹೋ. ಐದ್ನೇ ಕ್ಲಾಸು,” ಅಂದ. ಪೆಟ್ಟಿಗೆಯ ಮೇಲಿನ ಕಾಗದ ಕಿತ್ತುಕೊಂಡ. “ಬಾ, ಹೇಳು ಹಂಗಾದ್ರೆ. ಮೂವತ್ತೆರಡು. ಹನ್ನೆರಡು ಆಳು ಹದಿನೈದು ದಿನಕ್ಕೆ ಮುಗಿಸೋ ಕೆಲ್ಸ. ಐದು ದಿನ ಆದ್ಮೇಲೆ ಇಬ್ರು ಬಿಟ್ಟೋದ್ರು. ಇನ್ನೆಷ್ಟು ದಿನ ಬೇಕು? ಹೇಳಮ್ಮ ಮುನ್ಸಿ, ಹೇಳು.”

ಮಧುಗಿರಿಯ ನಗೆಯೇ ಈ ಮನೆಯೊಳಗೂ ಬಂದು ನಿಂತ ಹಾಗಾಯಿತು. ಅವನಿಗೆ ಆ ಮಾತನ್ನು ಹೇಳಿದವರು ಯಾರು? ಖಾಲಾ ಎಲ್ಲರಿಗೂ ಹೇಳಿ ನಕ್ಕಿರಬೇಕು. ಉತ್ತರ ನಾಲಿಗೆಯ ಕೆಳಗೆ ಇತ್ತು. ಒತ್ತಿ ಹಿಡಿಯುವುದು ರೂಢಿ.

“ಹನ್ನೆರಡು,” ಅಂದಳು.

ಅವನು ಉತ್ತರದ ಹಾಳೆಗೆ ತಿರುವಿ ನೋಡಿದ. “ಮೂವತ್ಮೂರು,” ಎಂದು ಬೇಗ ಬೇಗ ಓದಿದ. “ವ್ಯಾಪಾರಿ ಬೆಲೆನ ಕಾಲು ಭಾಗ ಏರಿಸ್ತಾನೆ. ಆ ಏರಿಸಿದ ಬೆಲೇಲಿ ಐದ್ರಲ್ಲಿ ಒಂದು ಪಾಲು ಸೋಡಿ ಬಿಡ್ತಾನೆ. ಅವ್ನಿಗೆ ಲಾಭ—”

“ಏನೂ ಇಲ್ಲ. ಎಲ್ಲಿತ್ತೋ ಅಲ್ಲಿಗೇ ಬಂತು.”

ಅವನು ಮತ್ತೆ ಹಾಳೆ ತಿರುವಿದ. ಈ ಸಲ ನೋಡಲು ಹೆಚ್ಚು ಹೊತ್ತು ತೆಗೆದುಕೊಂಡ. ಮೂವತ್ತನಾಲ್ಕು ಓದಿದಾಗ ದನಿಯಲ್ಲಿ ಕೊಂಕು ಕಡಿಮೆಯಿತ್ತು. ಮೂವತ್ತೈದನ್ನು ಅವನೇ ಎರಡು ಸಲ ಓದಿದ, ಅವಳಿಗಾಗಿ ಅಲ್ಲ, ತನಗಾಗಿ. ಅವಳು ಹೇಳಿದ ಮೇಲೆ ಹಿಂದಿನ ಹಾಳೆಗೆ ಹೋಗಲಿಲ್ಲ. ಕಾಗದ ತೊಡೆಯ ಮೇಲಿಟ್ಟುಕೊಂಡು ನೆಲದ ಮೇಲೆ ಕೂತ.

“ಹೆಂಗೆ?” ಅಂದ.

ಅಣ್ಣ ತಂಗಿಯನ್ನು ಕೇಳುವ ದನಿಯಲ್ಲ ಅದು. ನಾಳೆ ಬೆಳಿಗ್ಗೆ ಬಸ್ಸು ಹತ್ತಬೇಕಾದ, ಮಿಲ್ಲಿನ ಕೆಲಸವೂ ಕೈಬಿಟ್ಟುಹೋಗಿದೆ ಎಂದು ಇನ್ನೂ ತಿಳಿಯದ, ಒಬ್ಬ ಮನುಷ್ಯ ಕೇಳಿದ್ದು. ಅದನ್ನೂ ಇವತ್ತೇ ಹೇಳಬೇಕು. ಅದಕ್ಕೆ ಮುಂಚೆ ಇದನ್ನು ಹೇಳಬೇಕು. ಎಲ್ಲಿಂದ ಹೇಳುವುದೋ ಅವಳಿಗೆ ತಿಳಿಯಲಿಲ್ಲ. ಯಾರೂ ಅವಳನ್ನು ಹೇಗೆ ಎಂದು ಕೇಳಿರಲೇ ಇಲ್ಲ. ನೆಲದ ಮೇಲೆ ಹತ್ತಿರ ಸರಿದು, ಅವನ ಕೈಯ ಪೆನ್ಸಿಲು ತೆಗೆದುಕೊಂಡು, ಅದರ ತುದಿಯಿಂದ ಅವನು ಬರೆದಿದ್ದ ಎಕ್ಸಿನ ಮೇಲೆ ಒಂದು ಗೆರೆ ಎಳೆದಳು. “ಇದನ್ನ ಬುಡು. ಆ ಆಳಿನ ಲೆಕ್ಕ ತಗೋ, ಮೂವತ್ತೆರಡನೇದು. ಐದು ದಿನ ಆದ್ಮೇಲೆ ಹನ್ನೆರಡು ಜನಕ್ಕೆ ಇನ್ನೂ ಹತ್ತು ದಿನದ ಕೆಲ್ಸ ಉಳೀತು. ಅಂದ್ರೆ ನೂರಿಪ್ಪತ್ತು ಕೂಲಿ. ಈಗಿರೋದು ಹತ್ತೇ ಜನ. ಹಂಚು.”

ದನಿ ತನ್ನದೆಂದು ಅವಳಿಗೇ ಗುರುತು ಸಿಗಲಿಲ್ಲ, ಅಷ್ಟು ಗಟ್ಟಿಯಾಗಿತ್ತು. ಹೊರಗೆ ಸುತ್ತಿಗೆ ನಿಂತಿತು. ಚಪ್ಪರದಲ್ಲಿ ಅಬ್ಬಾ ಎದ್ದ ಸದ್ದು, ಮರದ ಮಣೆ ಸರಿದ ಸದ್ದು, ಒಳಗಿನ ಕಡೆ ಬರುವ ಹೆಜ್ಜೆ. ನಿಯಾಜ್ ಗಾಬರಿಯಿಂದ ಬಾಗಿಲ ಕಡೆ ನೋಡಿ ಕಾಗದ ಮಡಿಚಲು ಹೋದ. ಅವಳು ಅದರ ಮೇಲೆ ಅಂಗೈ ಒತ್ತಿ ಹಿಡಿದಳು.

“ಮುಂದಿನದು ಓದು ಭಾಯಿ. ಹೊತ್ತು ಹೋಗ್ತದೆ.”